ಹೊಟ್ಟೆ ನಂದು, ಶಪಥ ನಿಮ್ದು

ಶುಕ್ರವಾರ, ಸಂಜೆ

ಊಟದ ಮೇಜಿನ ಸುತ್ತ ನೆರೆದಿರುವ ಮಹಾಜನರೇ, ಮಾತೃಸಮಾನರಾದ ಅತ್ತೆಯವರೇ, ಈ ಕಾಗದವನ್ನು ತಮ್ಮ ಬ್ರೆಡ್ಡಿನ ವ್ಯಾನಿನಲ್ಲಿ ಹೊತ್ತು ತಂದ ಷಡ್ಡಕರೇ, ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದುತ್ತಿರುವ ಅತ್ತಿಗೆಯವರೇ, ಬೆಂಚಿನ ತುದಿಯಲ್ಲಿ ಕಿಸಕ್ಕನೆ ನಗುತ್ತಿರುವ ಮಕ್ಕಳೇ, ತಮಗೆಲ್ಲರಿಗೂ ಈ ರಾಜಪಾತ್ರಧಾರಿಯ ನಮಸ್ಕಾರ.

ನಿಮ್ಮ ಮನೆಗೆ ಬಂದ ಕಾಗದ ಯಾರ ಹೆಸರಿಗಿದ್ದರೂ ಊಟದ ಜೊತೆ ಎಲ್ಲರಿಗೂ ಬಡಿಸುತ್ತೀರಿ ಎಂಬುದು ಮದುವೆಗೆ ಮುಂಚೆಯೇ ನನಗೆ ತಿಳಿದ ಸತ್ಯ. ನಿಮ್ಮ ಹುಡುಗಿಗೆ ನಾನು ಬರೆದ ಮೊದಲ ಪ್ರೇಮಪತ್ರವನ್ನು ಮಾವನವರು ಕೆಂಪು ಶಾಯಿಯಲ್ಲಿ ತಿದ್ದಿ, "ಭಾವನೆ ಚೆನ್ನಾಗಿದೆ, ವಾಕ್ಯ ಉದ್ದವಾಯಿತು" ಎಂದು ಬರೆದು ವಾಪಸು ಕಳಿಸಿದ್ದರು. ಆದ್ದರಿಂದ ಈ ಮೊದಲ ಹಾಳೆ ನಿಮ್ಮದು.

ಮನೆ ನಿಂತಿದೆ, ಅಡುಗೆಮನೆಯ ನಲ್ಲಿ ಸೋರುವುದು ನಿಂತಿಲ್ಲ. ಭಾನುವಾರದ ನಾಟಕದಲ್ಲಿ ಸಿಂಹಾಸನದ ಕಾಲು ಮುರಿದು ನಾನು ಕಿರೀಟ ಸಮೇತ ನೆಲಕ್ಕೆ ಬಿದ್ದೆ. ಸೇನಾಪತಿ ಪಾತ್ರದವನು ಚುರುಕು. ಪ್ರಭುಗಳು ಪ್ರಜೆಗಳ ಬಳಿಗೇ ಇಳಿದು ಬಂದರು ಎಂದು ಮಾತು ಸೇರಿಸಿ ಮಾನ ಉಳಿಸಿದ. ರೈಲು ನಿಲ್ದಾಣದ ಮೈಕಿನ ಕೆಲಸ ಎಂದಿನಂತೆ ನಡೆದಿದೆ. ಯಾರೋ ಓಡಿಸುವ ಗಾಡಿ ತಡವಾದರೆ ಕ್ಷಮೆ ಕೇಳುವವನು ನಾನು.

ಇಲ್ಲಿಗೆ ಪರದೆ. ಅತ್ತಿಗೆಯವರೇ, ಎರಡನೇ ಹಾಳೆಯನ್ನು ಮಡಚಿ ನಾಲ್ಕೂ ಕಡೆ ದಾರದಲ್ಲಿ ಹೊಲಿದಿದ್ದೇನೆ. ಅದನ್ನು ನಿಮ್ಮ ತಂಗಿಯ ಕೈಗೆ ಕೊಟ್ಟುಬಿಡಿ. ನನ್ನ ಹೊಲಿಗೆ ಎಷ್ಟು ಸೊಟ್ಟಗಿದೆಯೆಂದರೆ, ನೀವು ಬಿಚ್ಚಿ ಮತ್ತೆ ಹೊಲಿದರೆ ನೆಟ್ಟಗಾಗಿ ಸಿಕ್ಕಿಬೀಳುತ್ತೀರಿ.

*

ನನ್ನ ಕತ್ತರಿಗೆ,

ಪೀಠಿಕೆ ಬೇಡ ಎಂದು ನೀನೇ ಹೇಳಿದ್ದೆ. ಎರಡೂ ನಿಂತುಹೋದವು.

ನಿನ್ನಿಂದ ತೆಗೆದ ಅಂಡಗಳಲ್ಲಿ ಕೆಲವು ಬಲಿತಿರಲಿಲ್ಲ, ಎರಡು ಮಾತ್ರ ಗಾಜಿನ ತಟ್ಟೆಯಲ್ಲಿ ಭ್ರೂಣವಾಗಿದ್ದವು ಎಂಬುದು ನಿನಗೆ ಗೊತ್ತೇ ಇದೆ. ನಿನ್ನೆಯವರೆಗೂ ಬೆಳೆಯುತ್ತಿದ್ದವಂತೆ. ಇವತ್ತು ಬೆಳಿಗ್ಗೆ ನೋಡಿದರೆ ಇದ್ದಲ್ಲೇ ಇದ್ದವಂತೆ. ನಿನ್ನ ಹೊಟ್ಟೆಯೊಳಗೆ ಇಡಲು ಈಗ ಏನೂ ಉಳಿದಿಲ್ಲ. ಲ್ಯಾಬಿನ ಹುಡುಗಿ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ನಿಲ್ದಾಣದ ಗಾಜಿನ ಕೋಣೆಯಲ್ಲಿದ್ದೆ. ಫೋನ್ ಇಟ್ಟು, ಮೈಕಿನ ಗುಂಡಿ ಒತ್ತಿ, ತಡವಾದ ಗಾಡಿಯೊಂದಕ್ಕೆ ಕ್ಷಮೆ ಕೇಳಿದೆ. ಗಂಟಲು ಸರಿಯಾಗಿಯೇ ಇತ್ತು.

ಅಕ್ಕನ ಮನೆಗೆ ಬಸ್ಸು ಹತ್ತುವಾಗ ನೀನು, "ಸುದ್ದಿ ಬಂದ್ರೆ ಫೋನ್ ಮಾಡ್ಬೇಡಿ, ನೀವು ಉಸಿರು ಎಳ್ಕೊಳ್ಳೋದ್ರಲ್ಲೇ ನಂಗೆ ಗೊತ್ತಾಗ್ಬಿಡತ್ತೆ, ಬರೆದು ಕಳಿಸಿ" ಎಂದೆ. ಅದಕ್ಕೇ ಬರೆದೆ. ಬರೆಯುವಾಗಲೂ ಉಸಿರು ಎಳೆದುಕೊಳ್ಳುತ್ತಲೇ ಇದ್ದೇನೆ, ನಿನಗೆ ಕೇಳಿಸುವುದಿಲ್ಲ ಅಷ್ಟೇ.

ನಿನ್ನಿಂದ ಯಾವ ಲೋಪವೂ ಆಗಲಿಲ್ಲ. ಇದು ರಂಗದ ಮೇಲಿನ ಮಾತಲ್ಲ. ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರಲ್ಲ, ಹೆಣ್ಣು ಹುಟ್ಟುವಾಗ ತಂದ ಅಂಡಗಳೇ ಕೊನೆಯವರೆಗೂ, ಹೊಸದು ತಯಾರಾಗುವುದಿಲ್ಲ ಅಂತ. ಅವು ಬಲಿಯುವ ಮುಂಚಿನ ಕೆಲವು ತಿಂಗಳು ನಿದ್ದೆ, ಊಟ, ನಡಿಗೆ ನೋಡಿಕೊಂಡು, ಸಿಗರೇಟಿನ ಹೊಗೆಯಿಂದ ದೂರವಿದ್ದರೆ ಸ್ವಲ್ಪ ಸಹಾಯವಾಗಬಹುದು, ಆದರೆ "ವಯಸ್ಸನ್ನ ಹಿಂದಕ್ಕೆ ತಿರುಗಿಸೋ ಮಾತ್ರೆ ನನ್ಹತ್ರ ಇಲ್ಲಮ್ಮ" ಅಂತ. ನೀನು ಪೂರ್ತಿ ಕೇಳಿಸಿಕೊಂಡೆ. ನಾನು 'ಸಹಾಯ' ಎಂಬ ಒಂದೇ ಮಾತನ್ನು ಧ್ವಜದ ಹಾಗೆ ಎತ್ತಿ ಹಿಡಿದು ಹೊರಬಂದೆ.

ಹೊರಗೆ ಬಂದು ಮಾಡಿದ್ದನ್ನು ನೆನೆದರೆ ಈಗ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಕಾಯುವ ಕೋಣೆಯ ತುಂಬ ಜನ. ಇಬ್ಬರ ರಿಪೋರ್ಟನ್ನೂ ಕೈಯಲ್ಲಿ ಹಿಡಿದು ನಿನ್ನನ್ನು ಸಮಾಧಾನ ಮಾಡಲೆಂದೇ ಹೇಳಿದೆ: ನನ್ನದು ಸರಿಯಿದೆ, ನಿನ್ನ ಅಂಡದ ಗುಣಮಟ್ಟ ಒಂದು ಸುಧಾರಿಸಿದರೆ ಗೆದ್ದೆವು. ಪಿಸುಗುಟ್ಟುತ್ತಿದ್ದೇನೆ ಎಂದೇ ತಿಳಿದಿದ್ದೆ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಬೇಕೆಂದು ಬೆಳೆಸಿದ ಗಂಟಲು ಇದು, ಇದಕ್ಕೆ ಪಿಸುಮಾತು ಬರುವುದಿಲ್ಲ. ತಲೆಗಳೆಲ್ಲ ಎದ್ದವು. ಪಕ್ಕದ ಕುರ್ಚಿಯ ಅಜ್ಜಿ ನಿನ್ನ ಕೈಹಿಡಿದು, ನೆನೆಸಿದ ಬಾದಾಮಿ ತಿನ್ನು ಮಗಳೇ ಎಂದಳು. ಅವಳ ಎದುರಿಗಿದ್ದವಳು ಬಾದಾಮಿ ಅಲ್ಲ, ಅಕ್ರೋಟು ಎಂದಳು. ಅವರಿಬ್ಬರೂ ಜಗಳಕ್ಕೆ ನಿಂತರು. ನೀನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದುಬಿಟ್ಟೆ.

ಆಮೇಲೆ ನಮ್ಮ ಮನೆಯೇ ನಾಟಕ ಕಂಪನಿಯಾಯಿತು. ನಿರ್ದೇಶಕ ನಾನು. ಅಡುಗೆಮನೆಯ ಗೂಡಿನಲ್ಲಿ ಮಾತ್ರೆಯ ಡಬ್ಬಿಗಳ ಸೈನ್ಯ. ಡಾಕ್ಟರಮ್ಮ ಬರೆದುಕೊಟ್ಟದ್ದು ಸ್ವಲ್ಪ. ಉಳಿದದ್ದೆಲ್ಲ ಅವರಿವರು ಹೇಳಿದ್ದು, ನಾನು ತಂದದ್ದು. ನಿನ್ನ ಕಾಫಿ ನಿಲ್ಲಿಸಿದೆ. ದೀಪ ಆರಿಸುವ ಹೊತ್ತನ್ನು ಸಾರಿದೆ. ನಾನು ಸಿಗರೇಟು ಬಿಟ್ಟದ್ದಕ್ಕೆ ನಿನ್ನ ತವರಿನವರೆಲ್ಲ ಚಪ್ಪಾಳೆ ತಟ್ಟಿದರು. ನೀನು ಏನೇನು ಬಿಟ್ಟೆ ಎಂದು ಯಾರೂ ಕೇಳಲಿಲ್ಲ. ನೀನು ಹೊಲಿಗೆ ಕಾರ್ಖಾನೆಯಲ್ಲಿ ಇಡೀ ದಿನ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು, ಮನೆಗೆ ಬಂದು ಮತ್ತೆ ನಡೆಯಲು ಹೋಗುತ್ತಿದ್ದೆ. ಅಕ್ರೋಟು ಅಗಿಯುತ್ತ ಒಮ್ಮೆ, "ಹಳೇ ಬಾಗಿಲು ತಿಂದ ಹಾಗಿದೆ ಕಣ್ರೀ" ಎಂದೆ. ನಾನು ನಗುತ್ತ ಇನ್ನೊಂದು ಬಾಯಿಗಿಟ್ಟೆ. ನೀನು ನಗುತ್ತಿರಲಿಲ್ಲ ಎಂಬುದು ಈಗ ಹೊಳೆಯುತ್ತಿದೆ.

ಹೋದ ಸಲವೂ ಹೀಗೇ ಆಗಿತ್ತು. ಡಾಕ್ಟರಮ್ಮ ನಿನ್ನ ಕಡೆ ತಿರುಗಿ, ಮತ್ತೊಂದು ಸುತ್ತು ಪ್ರಯತ್ನಿಸುತ್ತೀರಾ, ಸಾಕು ಅನ್ನಿಸಿದರೆ ಅದೂ ತಪ್ಪಲ್ಲ ಎಂದು ಕೇಳಿದ್ದರು. ನೀನು ಬಾಯಿ ತೆರೆಯುವ ಮುಂಚೆಯೇ ನಾನು ಎದೆಯ ಮೇಲೆ ಕೈಯಿಟ್ಟು, ಖಂಡಿತ, ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ ಎಂದೆ. ಯುದ್ಧಕ್ಕೆ ಹೊರಟವನ ಹಾಗೆ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ನೀನು ಹೇಳಿದ್ದು ಒಂದೇ ಮಾತು: "ಹೊಟ್ಟೆ ನಂದು, ಶಪಥ ನಿಮ್ದು."

ಅಂದಿನಿಂದ ಆ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ದಿನವೂ ಸೂಜಿ ಚುಚ್ಚಿಸಿಕೊಂಡವಳು ನೀನು. ಊದಿದ ಹೊಟ್ಟೆ ಹಿಡಿದುಕೊಂಡು ಮಗ್ಗುಲು ಬದಲಿಸಿದವಳು ನೀನು. ಇಷ್ಟು ವರ್ಷ ಸೋತ ರಾಜನ ಪಾತ್ರ ಮಾಡಿದ್ದೇನೆ. ಸೋತ ಮೇಲೂ ಅವನಿಗೊಂದು ದೊಡ್ಡ ಮಾತಿರುತ್ತದೆ. ನನ್ನ ಹತ್ತಿರ ಅಂಥದ್ದೇನೂ ಇಲ್ಲ ಕಣೇ. ದಣಿದಿದ್ದೇನೆ. ನೀನು ನನಗಿಂತ ದಣಿದಿರುತ್ತೀಯ ಎಂದು ಬರೆಯಲೂ ನಾಚಿಕೆಯಾಗುತ್ತದೆ.

ಅಲ್ಲಿ ಎಷ್ಟು ದಿನ ಬೇಕೋ ಇರು. ಅಕ್ಕ ಕಾಫಿ ಕೊಟ್ಟರೆ ಕುಡಿ. ಯಾರಾದರೂ ಬಾದಾಮಿ ನೆನೆಸಿಟ್ಟರೆ ಮಕ್ಕಳಿಗೆ ಹಂಚಿಬಿಡು. ಮಗು ಬೇಕು ಎಂಬ ಆಸೆ ನನಗೆ ಹೋಗಿಲ್ಲ, ಸುಳ್ಳು ಹೇಳಲಾರೆ. ಆದರೆ ನೀನು ಸಾಕು ಎಂದರೆ, ಆ ಆಸೆಯನ್ನು ಇಟ್ಟುಕೊಂಡೇ ನಿನ್ನ ಜೊತೆ ಇರಲು ಕಲಿಯುತ್ತೇನೆ.

ಇಂತಿ ನಿನ್ನ,
ಗುಡುಗು

ಮ.ವಿ.: ಇದು ಮರೆತ ವಿಷಯವಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಫೋನ್ ಇಡುವ ಮುಂಚೆ ಲ್ಯಾಬಿನ ಹುಡುಗಿ, "ಮುಂದಿನ ಸುತ್ತಿಗೆ ಮೇಡಮ್ ಹೆಸರು ಬರ್ಕೊಳ್ಲಾ ಸರ್?" ಎಂದು ಕೇಳಿದಳು. ಬರ್ಕೊಳ್ಳಿ ಎಂದುಬಿಟ್ಟೆ. ಗಾಜಿನ ಕೋಣೆಯಲ್ಲಿ ನೋಡುವವರು ಒಬ್ಬರೂ ಇರಲಿಲ್ಲ, ಆದರೂ ಬಾಯಿ ತಾನಾಗಿ ಶಪಥ ಮಾಡಿತು. ನಾಳೆ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿನ್ನ ಹೆಸರನ್ನು ಹೊಡೆಸಿಹಾಕುತ್ತೇನೆ. ಮತ್ತೆ ಬರೆಸುವುದಿದ್ದರೆ ನೀನೇ ಬಂದು ಬರೆಸು, ಇಲ್ಲವಾದರೆ ಬೇಡ. ಏಕೆ ಹೊಡೆಸುತ್ತಿದ್ದೀರಿ ಎಂದು ಕೌಂಟರಿನವರು ಕೇಳಿದರೆ, ನಾನು ಅವಳನ್ನು ಕೇಳಿರಲಿಲ್ಲ ಎಂದು ಹೇಳುತ್ತೇನೆ.