ನೇಪಲ್ಸ್ ರಾಜನ ಬೆಳ್ಳಿ

ಕುವೈತ್
೧೪-೯-೧೯೯೦

ಪ್ರೀತಿಯ ತಂಗಿ ಗುಲಾಬಿಗೆ ನಿನ್ನ ಉಮಕ್ಕನ ನೆನಪುಗಳು.

ಪತ್ರ ತಡವಾಯಿತೆಂದು ಬೈಯಬೇಡ ಮಾರಾಯ್ತಿ. ಇಲ್ಲಿ ಅಂಚೆಯೂ ಇಲ್ಲ, ಫೋನೂ ಇಲ್ಲ. ಪಕ್ಕದ ಮನೆಯ ಕಾರ್ಮೆಲ್ ಬಾಯಿ ನಾಳೆ ಬಸ್ಸಿನಲ್ಲಿ ಅಮ್ಮಾನ್ ಊರಿನ ವಿಮಾನ ನಿಲ್ದಾಣಕ್ಕೆ ಹೊರಟಿದ್ದಾರೆ. ಬೊಂಬಾಯಿ ಮುಟ್ಟಿದ ಮೇಲೆ ಇದನ್ನು ಅಂಚೆಗೆ ಹಾಕುತ್ತಾರೆ.

ನಮ್ಮ ಸುಮಿತ್ ಹೋದ ವಾರ ನಿನ್ನ ಭಾವನಿಗೆ ಕೆಲಸ ಕೊಟ್ಟ ಕುವೈತಿ ಧಣಿ, ಆ ಕಫೀಲನ ಕಾರು ತರಲು ಹೋದವನು ಅರ್ದಿಯಾದ ಹತ್ತಿರ, ಕುವೈತನ್ನು ವಶಮಾಡಿಕೊಂಡ ಸೈನಿಕರ ಕೈಗೆ ಸಿಕ್ಕಿಬಿದ್ದ. ಕುವೈತಿಯ ಕಾರು ನೀನೇಕೆ ಓಡಿಸುತ್ತೀ ಎಂದು ಹಿಡಿದಿಟ್ಟಿದ್ದಾರೆ.

ನಿನ್ನ ಭಾವನ ನಾಣ್ಯದ ಹುಚ್ಚು ನಿನಗೆ ಗೊತ್ತುಂಟಲ್ಲ. ಇಟಲಿ ಒಂದೇ ದೇಶವಾಗುವ ಮೊದಲು ನೇಪಲ್ಸ್ ಆಳಿದ ರಾಜರ ಬೆಳ್ಳಿ ನಾಣ್ಯಗಳು. ‘ಆ ದಪ್ಪ ಮೂಗಿನ ರಾಜ ನಿಮಗೆ ಎಂಥ ಆಗಬೇಕು?’ ಎಂದು ನಾನು ತಮಾಷೆ ಮಾಡುತ್ತಿದ್ದೆ. ಮಗನಿಗಾಗಿ ಕೈಮುಗಿಯಲು ಇವರು ಸೈನಿಕರ ಠಾಣೆಗೆ ಹೋದಾಗ ಅಲ್ಲಿನ ಅಧಿಕಾರಿ ಇವರ ಜೇಬಿನಲ್ಲಿದ್ದ ಒಂದನ್ನು ನೋಡಿ ಕುರ್ಚಿಯಿಂದಲೇ ಎದ್ದನಂತೆ. ಅವನಿಗೂ ಇದೇ ಹುಚ್ಚು! ‘ಇದು ನನಗಿರಲಿ. ಉಳಿದದ್ದನ್ನೂ ತಾ, ಹುಡುಗನನ್ನು ಕರೆದುಕೊಂಡು ಹೋಗು’ ಎಂದನಂತೆ.

‘ಹೋಗಲಿ ಉಮಾ, ಮಗನಿಗಿಂತ ಹೆಚ್ಚಿನದುಂಟಾ?’ ಎಂದು ಡಬ್ಬಿ ನನ್ನ ಕೈಗಿಟ್ಟು ಇವರು ಬಸ್ಸಿನ ಸೀಟು ವಿಚಾರಿಸಲು ಹೋದರು. ತೆರೆದು ನೋಡಿದರೆ ಎಲ್ಲವೂ ಕಪ್ಪು. ಮಗನನ್ನು ಬಿಡಿಸಲು ಇಂಥ ಮಸಿ ಬೆಳ್ಳಿ ಕೊಡುವುದೇ? ಹಬ್ಬಕ್ಕೆ ದೇವರ ದೀಪ ಬೆಳಗುವ ಹಾಗೆ ಹುಣಸೆಹುಳಿ, ವಿಭೂತಿ ಹಾಕಿ ತಿಕ್ಕಿದೆ. ಕಪ್ಪು ಹೋಗದ ಕಡೆ ಪಾತ್ರೆ ಉಜ್ಜುವ ಸ್ಟೀಲಿನ ನಾರು ಹಾಕಿದೆ. ಇವರು ಬಂದು ನೋಡಿದವರು ಗೋಡೆಗೆ ಒರಗಿ ಕುಳಿತುಬಿಟ್ಟರು. ‘ಆ ಕಪ್ಪೇ ಅದರ ವಯಸ್ಸು ಮಾರಾಯ್ತಿ’ ಎಂದರು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೇರೆ ದಾರಿಯಿಲ್ಲದೆ ನಿನ್ನೆ ಇಬ್ಬರೂ ಅದನ್ನೇ ಹಿಡಿದುಕೊಂಡು ಹೋದೆವು. ಅಧಿಕಾರಿ ಒಂದನ್ನು ತನ್ನಲ್ಲಿದ್ದ ಕಪ್ಪು ನಾಣ್ಯದ ಪಕ್ಕ ಇಟ್ಟು ನೋಡಿದ. ‘ಹೊಸದಾಗಿ ಅಚ್ಚು ಹಾಕಿಸಿ ತಂದು ನನಗೇ ಮೋಸವಾ? ಖಲಾಸ್!’ ಎಂದು ಡಬ್ಬಿಯನ್ನು ನೆಲಕ್ಕೆ ನೂಕಿದ. ಇವರು ಅರಬಿಯಲ್ಲಿ, ನಾನು ಹಿಂದಿಯಲ್ಲಿ, ತುಳುವಿನಲ್ಲಿ, ಕೈಸನ್ನೆಯಲ್ಲಿ ಹೇಳಿದೆವು. ಅವನು ಕೇಳಬೇಕಲ್ಲ!

ಸುಮಿತ್‌ನನ್ನು ಗಡಿಯಾಚೆ ತಮ್ಮ ದೇಶದ ಬಸ್ರಾಕ್ಕೆ ಸೆರೆಯಾಳಾಗಿ ಕಳಿಸುತ್ತಾರಂತೆ. ನೀವಾದರೂ ಬಸ್ಸು ಹತ್ತಿ ಎನ್ನುತ್ತಾರೆ ಎಲ್ಲರೂ. ಅವನನ್ನು ಬಿಟ್ಟು ಹೇಗೆ ಹತ್ತಲಿ ಗುಲಾಬಿ? ಇಲ್ಲೇ ಇದ್ದು ತಾನೇ ಏನು ಮಾಡಲಿ? ನನಗೊಂದೂ ತೋಚುವುದಿಲ್ಲ.

ನಿನ್ನ ಮಕ್ಕಳು ನಿನ್ನ ಕಣ್ಣೆದುರೇ ಚೆನ್ನಾಗಿ ಬಾಳಲಿ. ಅಮ್ಮನಿಗೆ ಇದನ್ನು ಓದಿ ಹೇಳಬೇಡ.

ನಿನ್ನ ಅಕ್ಕ
ಉಮಾವತಿ

ತಾ.ಕ.: ನಿನ್ನೆ ನಮ್ಮ ಜೊತೆ ಕಳಿಸಲೆಂದೇ ಸುಮಿತ್‌ನನ್ನು ಅಧಿಕಾರಿಯ ಕೋಣೆಯ ಬಾಗಿಲ ತನಕ ತಂದಿದ್ದರು. ಚಪ್ಪಲಿ ಹಾಕಿಕೊಂಡು ನಗುತ್ತಾ ಬಂದ. ಒಳಗೆ ನಡೆದದ್ದು ಅವನಿಗೆ ಗೊತ್ತಿರಲಿಲ್ಲ. ನಾನು ನೆಲದಲ್ಲಿ ನಾಣ್ಯ ಹೆಕ್ಕುತ್ತಿದ್ದೆ. ‘ಎಷ್ಟು ಚಂದ ಹೊಳೀತಾ ಉಂಟು ಅಮ್ಮಾ! ನೀನೇ ತೊಳೆದದ್ದಾ?’ ಎಂದು ಕೇಳಿದ.