ಮುಂದಿನ ಸಾಲು ಎಲ್ಲಿ ಬರುತ್ತದೆ?

ಡನೀಡನ್, ಮಂಗಳವಾರ

ತಂಗಿ ರಾಹೇರಾ,

ಮೊಮ್ಮಗಳು ಕಹು ನನ್ನನ್ನು ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದಳು. ಇನ್ನೂ ಮೊಟ್ಟೆಯಿಂದ ಹೊರಬಾರದ ಕೋಳಿಮರಿಯ ಬೆನ್ನಿನ ಚರ್ಮವನ್ನು ಗಾಜಿನ ತಟ್ಟೆಯಲ್ಲಿ ಜೀವಂತವಾಗಿ ಇಟ್ಟಿದ್ದಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಟ್ಟನಡುವೆ ಒಂದೇ ಸಾಲು ಚುಕ್ಕೆ. ಒಂದೊಂದು ಚುಕ್ಕೆಯೂ ಜೀವಕೋಶಗಳ ಗುಂಪು, ಮುಂದೆ ಅದೇ ಒಂದೊಂದು ಗರಿ.

“ಅಜ್ಜಿ, ಮುಂದಿನ ಸಾಲು ಎಲ್ಲಿ ಬರತ್ತೆ, ಹೇಳು ನೋಡೋಣ,” ಅಂದಳು.

“ಎರಡು ಚುಕ್ಕೆ ಮಧ್ಯದ ಸಂದಿಗೆ. ಇನ್ನೆಲ್ಲಿ?” ಅಂದೆ.

ಮರುದಿನ ನೋಡಿದರೆ ಸರಿಯಾಗಿ ಅಲ್ಲೇ! ಅವಳ ಮೇಷ್ಟ್ರು ಬೆರಗಾಗಿ, “ಯಾರು ಹೇಳಿಕೊಟ್ರು ನಿಮಗೆ?” ಅಂದರು.

“ನಮ್ಮಮ್ಮ. ಗರಿ ಹೊದಿಕೆ ನೇಯೋರು ನಾವು. ಈ ಕೋಶಗಳಿಗೆ ಯಾರು ಹೇಳಿಕೊಟ್ರು?”

“ಯಾರೂ ಇಲ್ಲ. ಒಂದನ್ನೊಂದು ಎಳ್ಕೊಂಡು ತಾವೇ ಗುಂಪು ಕಟ್ತವೆ.”

ಆ ಮೇಷ್ಟ್ರು ಈಗ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ!

ಇಲ್ಲಿಯ ಚಳಿಗೆ ಮೊಣಕಾಲು ಹಿಡಿದುಕೊಂಡಿದೆ, ಬೆರಳುಗಳು ಚೆನ್ನಾಗಿವೆ. ಮುಂದಿನ ವಾರ ಬರುತ್ತೇನೆ.

ಅಲ್ಲಿ ನೀನು ನೇಯುತ್ತಿರುವ ಹೊದಿಕೆಯಲ್ಲಿ ಗರಿಯನ್ನು ಸಂದಿಗೇ ಕಟ್ಟು ಅಂದರೆ “ಅಕ್ಕಂದು ಬರೀ ಹಠ” ಅಂತ ಒಂದರ ಕೆಳಗೊಂದು ನೇರಕ್ಕೆ ಕಟ್ಟಿದೆಯಲ್ಲ, ಆ ಮೂರು ಸಾಲನ್ನು ಈ ಕಾರ್ಡು ಮುಟ್ಟಿದ ಕೂಡಲೇ ಬಿಚ್ಚು. ನನ್ನ ಮಾತು ಬೇಡ, ಕೋಳಿಯ ಮಾತಾದರೂ ಕೇಳು.

ನಿನ್ನಕ್ಕ
ಮಿರಿಯಾಮಾ