ಎತ್ತಿ ತಟ್ಟಿದ ಕ್ರ್ಯಾಂಕು

ಮಧುಗಿರಿ
೪ ಮಾರ್ಚ್ ೧೯೩೮, ಶುಕ್ರವಾರ

ಪಾವಗಡದಲ್ಲಿರುವ ನಮ್ಮ ಯಜಮಾನರಿಗೆ ಕದರಮ್ಮ ಮಾಡುವ ನಮಸ್ಕಾರ.

ನೀವು ಗೋಣಿಯಲ್ಲಿ ಸುತ್ತಿ ಕಳಿಸಿದ ಕ್ರ್ಯಾಂಕು ಬುಧವಾರ ತಲುಪಿತು. ಗೋಣಿಯ ಮೇಲೆ ನನ್ನ ಹೆಸರು ಬರೆದ ಕೈ ನಿಮ್ಮದೆಂದು ಗುರುತು ಸಿಕ್ಕಿತು. ಜೊತೆಗೆ ನಾಲ್ಕು ಸಾಲು ಬರೆದಿದ್ದರೆ ನಿಮ್ಮ ಕೈ ಸವೆಯುತ್ತಿತ್ತೇ? ಎರಡು ವರ್ಷ ಸುದ್ದಿಯಿಲ್ಲ, ಸುಳಿವಿಲ್ಲ. ಈಗ ಹೆಂಡತಿಗೆ ಸೀರೆಯಲ್ಲ, ಹೂವಲ್ಲ, ಎರಡು ಮಣ ಕಬ್ಬಿಣ. ಅನುಮಾನ ಪಡದೆ ಇನ್ನೇನು ಮಾಡಲಿ?

ನಮ್ಮ ಬಸ್ಸಿನ ಇಂಜಿನ್ನು ಬಿಚ್ಚಿರುವುದು ನಿಮಗೆ ಹೇಗೋ ತಿಳಿದಿದೆ. ನೀವು ಓಡಿಸುವ ತಿಮ್ಮರಾಯಪ್ಪನವರ ಬಸ್ಸು ದಿನವೂ ಮುಂದೆ ಹೋಗಿ ದಾರಿಯ ಜನರನ್ನೆಲ್ಲ ಬಾಚಿಕೊಳ್ಳುತ್ತದೆಂದು ನಮ್ಮ ಅಂಜನಪ್ಪಣ್ಣ ಸಿಲಿಂಡರು ಕೊರೆಸಿ ದೊಡ್ಡ ಪಿಸ್ಟನ್ನು ಹಾಕಿಸಿದ್ದಾನೆ. ಪಿಸ್ಟನ್ನು ಒದ್ದಂತೆಲ್ಲ ತಿರುಗುವ ಕ್ರ್ಯಾಂಕು ಆ ಜೋರನ್ನು ತಡೆಯಬೇಕಲ್ಲ. ಇಂಜಿನ್ನಿನ ಜೊತೆ ಬಂದ ಕಂಪನಿಯದೇ ಇರಲಿ ಎಂದು ಅಣ್ಣ. ಬೆಂಗಳೂರಿನಲ್ಲಿ ಹೊಸದಾಗಿ ಮಾಡಿದ, ನೀವು ಕಳಿಸಿದ ಇದೇ ಗಟ್ಟಿ ಎಂದು ಮಿಸ್ತ್ರಿ. ಅಣ್ಣನಿಗೆ ಅದು ಮಿಸ್ತ್ರಿ ತರಿಸಿದ್ದೆಂದು ಹೇಳಿದ್ದೇನೆ. ನಿಮ್ಮ ಸುದ್ದಿ ಎತ್ತಿದರೆ ಇಲ್ಲಿ ಬೆಂಕಿ.

ಬಸ್ಸಿಗೆ ನನ್ನ ಒಡವೆಯೂ ಹೋಗಿದೆಯಲ್ಲ, ಕೊನೆಗೆ ಯಾವುದು ಬೇಕೋ ನೀನೇ ಹೇಳು ಎಂದು ಅಣ್ಣ ನನ್ನ ತಲೆಗೆ ಕಟ್ಟಿದ. ಏರಿನಲ್ಲಿ ಮುರಿದರೆ ಬಸ್ಸು ಹಿಂದಕ್ಕೆ ಜಾರುತ್ತದೆ. ಓಡಿಸುವ ಅಣ್ಣನ ಜೊತೆ ಇಪ್ಪತ್ತು ಜನರ ಪ್ರಾಣ ಹೋಗುತ್ತದೆ. ತಿಮ್ಮರಾಯಪ್ಪನವರ ಅನ್ನ ತಿನ್ನುವವರು ನಮಗೆ ಒಳ್ಳೆಯದು ಕಳಿಸುತ್ತಾರೆಂದು ಹೇಗೆ ನಂಬಲಿ?

ಸಂತೆಯಲ್ಲಿ ಮಡಕೆಯನ್ನು ತಟ್ಟದೆ ಕೊಳ್ಳುವವಳಲ್ಲ ನಾನು. ನಿಮ್ಮ ಕ್ರ್ಯಾಂಕನ್ನು ಅಂಗಳದಲ್ಲಿ ಮಲಗಿಸಿ ಸುತ್ತಿಗೆಯಿಂದ ತಟ್ಟಿದೆ. ಬಿರುಕು ಬಿಟ್ಟ ಮಡಕೆಯಂತೆ ಬೊದ್ ಎಂದಿತು. ನಮ್ಮಣ್ಣನನ್ನು ಕೊಲ್ಲಲು ಕಳಿಸಿದ್ದೀರೆಂದು ಅಲ್ಲೇ ಕುಳಿತು ಅಳುತ್ತಾ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಮಡಕೆ ಮಾರಲು ಬಂದ ಕುಂಬಾರರ ಕೆಂಚಮ್ಮ ನೋಡಿ ನಕ್ಕಳು.

“ನೆಲಕ್ಕೆ ಮಲಗ್ಸಿ ತಟ್ಟಿದ್ರೆ ಯಾವ ಮಡಿಕೆ ಉಲಿತೈತೆ ಕಣಮ್ಮ? ಎತ್ತಿ ಹಿಡ್ದು ತಟ್ಟು.”

ಮಿಸ್ತ್ರಿಗೆ ಹೇಳಿ ಎರಡು ಕ್ರ್ಯಾಂಕನ್ನೂ ಹುಣಸೆ ಕೊಂಬೆಗೆ ತೂಗುಹಾಕಿಸಿ ತಟ್ಟಿದೆ. ನಿಮ್ಮದು ಬಹಳ ಹೊತ್ತು ಗುಂಯ್ ಎನ್ನುತ್ತಲೇ ಇತ್ತು. ನಾವು ನೆಚ್ಚಿಕೊಂಡಿದ್ದ ಕಂಪನಿಯದು ಟಕ್ ಎಂದು ನಿಂತುಬಿಟ್ಟಿತು. ಮಿಸ್ತ್ರಿ ಅದಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣ ಬಳಿದ. ಒಳಗಿಳಿದಿದ್ದ ಎಣ್ಣೆ ಜಿನುಗಿ, ಸುಣ್ಣದ ಮೇಲೆ ಕೂದಲೆಳೆಯಷ್ಟು ಬಿರುಕು ಒದ್ದೆಯಾಗಿ ಎದ್ದು ಕಂಡಿತು.

ನಿಮ್ಮದನ್ನೇ ಹಾಕಲು ಹೇಳಿದ್ದೇನೆ. ಹಾಗೆಂದು ಅನುಮಾನ ಪೂರ್ತಿ ಹೋಯಿತೆಂದು ಹಿಗ್ಗಬೇಡಿ. ನೀವು ಬಸ್ಸಿನ ಸಾಮಾನು ಕದ್ದಿರೆಂದು ಅಣ್ಣ ಕೂಗಾಡಿ, ನೀವು ಮನೆ ಬಿಟ್ಟು ಹೋದ ದಿನ ನಾನು ಬಾಗಿಲ ಹಿಂದೆಯೇ ಇದ್ದೆ. ನಿಮ್ಮನ್ನು ಒಂದು ಮಾತು ಕೇಳದೆ ನಾನೂ ಹಾಗೇ ಅಂದುಕೊಂಡೆ. ಅದು ನನ್ನ ತಪ್ಪು. ಎರಡು ವರ್ಷದಿಂದ ಅದು ನನ್ನನ್ನು ತಿನ್ನುತ್ತಿದೆ.

ಇಂತಿ,
ಕದರಮ್ಮ

ತಾ.ಕ.: ಸೋಮವಾರ ಬಸ್ಸು ಹೊರಡುತ್ತದೆ. ಅಣ್ಣನ ಪಕ್ಕದ ಸೀಟಿನಲ್ಲಿ ನಾನಿರುತ್ತೇನೆ. ನಾಗಲಮಡಿಕೆಯ ದೇವರಿಗೆ ಹರಕೆಯಿದೆ ಎಂದು ಅವನಿಗೆ ಹೇಳಿದ್ದೇನೆ, ಆದರೆ ಪಾವಗಡದಲ್ಲೇ ಇಳಿಯುತ್ತೇನೆ. ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಈಗಲೇ ಬರೆದು ತಿಳಿಸಿ. ಇಲ್ಲದಿದ್ದರೆ ನನ್ನ ಟ್ರಂಕು ಇಳಿಸಿಕೊಳ್ಳಲು ಬನ್ನಿ.